ಮುಖಕ್ಕೊಂದು ಬಣ್ಣ, ಕುತ್ತಿಗೆಗೊಂದು ಬಣ್ಣ

ನವಲಗುಂದ
18 ಜನವರಿ 1984

ಗೆಳೆಯ ಮಜೀದನಿಗೆ,

ಸಂಕ್ರಮಣದ ಕುಸರೆಳ್ಳು ಹಂಚಿ ಸಿಹಿ ಮಾತಾಡುವ ದಿನಗಳಲ್ಲಿ ನಿನಗೆ ಜಗಳದ ಪತ್ರ ಬರೆಯುತ್ತಿದ್ದೇನೆ. ಒಂದು ಚಿಟಿಕೆ ಕುಸರೆಳ್ಳನ್ನು ಕಾಗದದಲ್ಲಿ ಕಟ್ಟಿ ಇದರೊಳಗೇ ಇಟ್ಟಿದ್ದೇನೆ. ಅದನ್ನು ಬಾಯಿಗೆ ಹಾಕಿಕೊಂಡು ಮುಂದೆ ಓದು.

ನಿನ್ನ ಲ್ಯಾಬಿನಿಂದ ಫೋಟೋ ಬಂತು. ನೋಡಿ ತಲೆ ಕೆಟ್ಟುಹೋಯಿತು. ಈ ಸಲದ ಮದುವೆ ಸುಗ್ಗಿಗೆ ಕಲರ್ ಶುರು ಮಾಡಬೇಕೆಂದು ಬಸ್ ಸ್ಟ್ಯಾಂಡಿಗೆ ಕಾಣುವಂತೆ ಬೋರ್ಡ್ ಬರೆಸಿದ್ದೇನೆ. ಶೋಕೇಸಿನಲ್ಲಿ ಇಡಲು ಮಾದರಿ ಬೇಕಲ್ಲ, ಮಂದಿಯ ಫೋಟೋ ಯಾಕೆ, ನಮ್ಮ ಮನೆಯವರದೇ ಇರಲಿ ಎಂದು ಐದೂ ಜನರನ್ನು ಸ್ಟುಡಿಯೋದಲ್ಲಿ ಕೂರಿಸಿ ತೆಗೆದೆ. ನಡುವೆ ಅವ್ವ, ಒಂದು ಬಾಜು ನಾನು ಮತ್ತು ಸಣ್ಣ ಮಗಳು ಚೆನ್ನವ್ವ, ಇನ್ನೊಂದು ಬಾಜು ಹೆಂಡತಿ ಶಿವಗಂಗಾ ಮತ್ತು ದೊಡ್ಡವಳು ರೇವವ್ವ. ಕೆಳಗೆ ನಿಮ್ಮ ಅಮ್ಮ ಮಲಿಕಾಬಿ ನೇಯ್ದು ಕೊಟ್ಟ ಕೆಂಪು ಜಮಖಾನ ಹಾಸಿದ್ದೆ. ಇಷ್ಟೆಲ್ಲ ಮಾಡಿ ರೋಲ್ ನಿನಗೆ ಕಳಿಸಿದರೆ ನೀನು ಏನು ಕಳಿಸಿದ್ದೀಯ? ಅವ್ವ, ನಾನು, ಚೆನ್ನವ್ವ ಮೂವರೂ ಸುಣ್ಣ ಬಳಿದ ಗೋಡೆ. ಶಿವಗಂಗಾ ಮತ್ತು ರೇವವ್ವರ ಮುಖಕ್ಕೆ ಒಲೆಯ ಬೂದಿ ಬಡಿದಿದೆ. ಕಪ್ಪಲ್ಲ, ಬಿಳಿಯಲ್ಲ, ಬೂದಿ. ಜೀವ ಇರುವ ಮನುಷ್ಯರ ಬಣ್ಣವೇ ಅಲ್ಲ.

ನನ್ನ ಕೈಯಲ್ಲಿ ತಪ್ಪಾಗಿದೆ ಎನ್ನಬೇಡ. ಐದು ವರ್ಷದ ಹಿಂದೆ ನಿಮ್ಮ ಅಮ್ಮನ ಫೋಟೋ ತೆಗೆದು ಕಳಿಸಿದಾಗ "ಅಗದಿ ಚಂದ ಬಂದದ" ಎಂದು ಬರೆದವನು ನೀನೇ. ಆ ಕೈಯೇ ಇದು. ನೆಗೆಟಿವ್ ನಿನ್ನ ಹತ್ತಿರವೇ ಇದೆಯಲ್ಲ, ಇನ್ನೊಂದು ಪ್ರಿಂಟ್ ಬೇಗ ಹಾಕಿ ಕಳಿಸು.

ನಿನ್ನ
ಮಡಿವಾಳೆಪ್ಪ

~

ಮುಂಬಯಿ
30 ಜನವರಿ 1984

ಮಡಿವಾಳೆಪ್ಪನಿಗೆ ಸಲಾಂ.

ಕುಸರೆಳ್ಳು ಇಲ್ಲಿಗೆ ಮುಟ್ಟುವಷ್ಟರಲ್ಲಿ ಪುಡಿಯಾಗಿತ್ತು. ನಿನ್ನ ಪತ್ರದ ಮೊನೆ ಮಾತ್ರ ಹಾಗೇ ಇತ್ತು.

ನೋಡಪ್ಪಾ, ಇದು ಅಣ್ಣಿಗೇರಿಯಲ್ಲಿ ಶಂಕ್ರಪ್ಪ ಮಾಸ್ತರರ ಸ್ಟುಡಿಯೋದ ಹಿಂದಿನ ಕತ್ತಲೆ ಕೋಣೆಯಲ್ಲ. ಅಲ್ಲಿ ನಾವಿಬ್ಬರೂ ತಿಂದ ಬೈಗುಳ ನನಗೂ ನೆನಪಿದೆ, ಆದರೆ ಇದು ದೊಡ್ಡ ಲ್ಯಾಬ್. ದಿನಕ್ಕೆ ಸಾವಿರ ಫೋಟೋ ಹೊರಬೀಳುತ್ತವೆ. ಅದೇ ದಿನ, ಅದೇ ಕೆಮಿಕಲ್ಲಿನಲ್ಲಿ, ಸೊಲ್ಲಾಪುರದ ಒಂದು ಮದುವೆಯ ರೋಲ್ ತೊಳೆದಿದ್ದೇನೆ. ಅವರು ತಕರಾರು ಮಾಡಲಿಲ್ಲ. ನೀನೊಬ್ಬನೇ ಮಾಡುತ್ತಿದ್ದೀಯ.

ಫ್ಲ್ಯಾಶ್ ಎಷ್ಟು ದೂರ ಇಟ್ಟಿದ್ದೆ? ಬೆಳ್ಳಗಿನವರಿಗೂ ಕರ್ರಗಿನವರಿಗೂ ಒಂದೇ ಅಳತೆಯ ಬೆಳಕು ಬಿಟ್ಟರೆ ಹೀಗೇ ಆಗುವುದು. ಬಿಳಿ ಇದ್ದದ್ದು ಸುಣ್ಣ ಆಗುತ್ತದೆ. ಆದರೆ ಬೂದಿ ಯಾಕೆ ಆಗುತ್ತದೋ ನನಗೂ ಹೊಳೆಯುತ್ತಿಲ್ಲ. ಫಿಲ್ಟರ್ ಬದಲಿಸಿ ಇನ್ನೊಂದು ಪ್ರಿಂಟ್ ಹಾಕಿದ್ದೇನೆ, ಇದರ ಜೊತೆ ಇದೆ. ಮೊದಲು ಕಳಿಸಿದ್ದನ್ನು ವಾಪಸ್ ಕಳಿಸು. ಎರಡನ್ನೂ ಬಾಜು-ಬಾಜು ಇಟ್ಟು ನೋಡಿದರೇ ಗೊತ್ತಾಗುವುದು.

ನಿಮ್ಮ ಅವ್ವ ಗುರವ್ವ ಚಿಗವ್ವನಿಗೆ ನನ್ನ ನಮಸ್ಕಾರ. ಮಕ್ಕಳಿಗೆ ಆಶೀರ್ವಾದ.

ಅಬ್ದುಲಮಜೀದ

~

ನವಲಗುಂದ
9 ಫೆಬ್ರುವರಿ 1984

ಮಜೀದ,

ಎರಡನೆಯದು ಬಂತು. ಇದಕ್ಕಿಂತ ಮೊದಲಿನದೇ ವಾಸಿ ಎನಿಸುವ ಹಾಗೆ ಮಾಡಿದ್ದೀಯ, ನಿನ್ನ ಹೆಚ್ಚುಗಾರಿಕೆಯೇ ಹೆಚ್ಚುಗಾರಿಕೆ. ಎಪ್ಪತ್ತು ವರ್ಷದ ಅವ್ವನಿಗೆ ಮದುಮಗಳ ಹಾಗೆ ಅರಿಷಿಣ ಹಚ್ಚಿದ್ದೀಯ. ಅವಳು ನೋಡಿ, "ಯಾಂವನ ಕೂಡ ನನ್ನ ಲಗ್ನಾ ಇಟ್ಟಾನ ಅಂವಾ?" ಎಂದು ಕೇಳಿದಳು. ನನ್ನ ಮುಖ ಕಾಮಾಲೆ ಆದವನ ಮುಖ. ಆದರೂ ಆ ಇಬ್ಬರ ಬೂದಿ ಹೋಗಿಲ್ಲ. ಮೊದಲು ಬಿಳಿ ಬೂದಿ ಇತ್ತು, ಈಗ ಕೆಸರು ಬೂದಿ.

ಹೇಗೋ ಇರಲಿ ಎಂದು ಎರಡು ದಿನ ಶೋಕೇಸಿನಲ್ಲಿಟ್ಟೆ. ಬಸ್ಸಿಗೆ ಕಾಯುವವರು ನಿಂತು ನೋಡಿದರು, ಒಬ್ಬರೂ ಒಳಗೆ ಬರಲಿಲ್ಲ. ತೆಗೆದುಬಿಟ್ಟೆ.

ಮೊದಲಿನ ಪ್ರಿಂಟ್ ವಾಪಸ್ ಕಳಿಸಲು ಆಗುವುದಿಲ್ಲ. ಅದನ್ನು ಇಲಿ ಕಡಿದಿದೆ.

ನಮ್ಮ ಮನೆಯಲ್ಲಿ ಎಲ್ಲರ ತಲೆಯೂ ತಿರುಗಿದೆ. ಶಿವಗಂಗಾ ಎಂಟು ದಿನದಿಂದ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾಳೆ. ರೇವವ್ವ ಬಸ್ ಸ್ಟ್ಯಾಂಡ್ ದಾರಿ ಬಿಟ್ಟು ಊರೆಲ್ಲ ಸುತ್ತಿ ಶಾಲೆಗೆ ಹೋಗುತ್ತಾಳೆ. ಶೋಕೇಸಿನಿಂದ ಫೋಟೋ ತೆಗೆದುಹಾಕಿದ ಮೇಲೂ ಆ ದಾರಿಗೆ ಬರುತ್ತಿಲ್ಲ. ಹದಿಮೂರು ವರ್ಷವಾದ ಹುಡುಗಿಯರು ಹೀಗೇ ಎಂದು ಅವ್ವ ಹೇಳುತ್ತಾಳೆ. ಇರಬಹುದು. ನನಗೆ ಸದ್ಯಕ್ಕೆ ಫೋಟೋದ ಚಿಂತೆಯೇ ಸಾಕಾಗಿದೆ. ಮದುವೆಗಳು ಶುರುವಾಗಲಿಕ್ಕೆ ಬಂದವು. ಈ ಸಲವಾದರೂ ಮನಸ್ಸಿಟ್ಟು ಮಾಡು.

ಮಡಿವಾಳೆಪ್ಪ

~

ಮುಂಬಯಿ
21 ಫೆಬ್ರುವರಿ 1984

ಮಡಿವಾಳೆಪ್ಪ,

ಮನಸ್ಸಿಟ್ಟು ಮಾಡು ಎಂದು ನನಗೆ ಬರೆಯುತ್ತೀಯ. ನಿನ್ನ ಐದು ಜನರ ಸಲುವಾಗಿ ಇಲ್ಲಿಯವರೆಗೆ ನಾಲ್ಕು ಸಲ ಫಿಲ್ಟರ್ ಬದಲಿಸಿದ್ದೇನೆ. ಸೂಪರ್‌ವೈಜರ್ ಬಂದು, ಈ ಕುಟುಂಬ ನಿನ್ನ ಬೀಗರೇನು ಎಂದು ಎಲ್ಲರ ಎದುರಿಗೆ ಕೇಳಿದ. ಶಿವಗಂಗವ್ವನನ್ನೂ ರೇವವ್ವನನ್ನೂ ಸರಿ ಮಾಡಲು ಹೋದರೆ ನೀವು ಮೂವರು ಹಳದಿ ಆಗುತ್ತೀರಿ. ನಿಮ್ಮನ್ನು ಸರಿ ಮಾಡಿದರೆ ಅವರು ನೀಲಿ ಆಗುತ್ತಾರೆ. ಹದಿನೆಂಟು ವರ್ಷ ಈ ಕೆಲಸ ಮಾಡಿದ್ದೇನೆ, ಇಂಥ ಹಟಮಾರಿ ನೆಗೆಟಿವ್ ನೋಡಿಲ್ಲ.

ಮೇಲಾಗಿ ಹಳೆಯ ಪ್ರಿಂಟ್ ಕಳಿಸು ಎಂದರೆ ಇಲಿ ಕಡಿಯಿತು ಎನ್ನುತ್ತೀಯ. ಕತ್ತಲೆ ಕೋಣೆಯಲ್ಲಿ ಒಂದು ಜೇಡ ಕಂಡರೂ ಮಾಸ್ತರರು ನಿನ್ನನ್ನು ಕರೆಯುತ್ತಿದ್ದರು, ಅಷ್ಟು ಚೊಕ್ಕ ಮನುಷ್ಯ ನೀನು. ನಿನ್ನ ಸ್ಟುಡಿಯೋದಲ್ಲಿ ಇಲಿ? ಇರಲಿ. ಐದು ಜನರ ಫೋಟೋದಲ್ಲಿ ಆ ಇಲಿ ಎಷ್ಟು ಜನರನ್ನು ತಿಂದಿತು, ಅದನ್ನಾದರೂ ಬರೆ. ಪುಕ್ಕಟೆ ಇನ್ನೊಂದು ಪ್ರಿಂಟ್ ಬೇಕಿದ್ದರೆ ನೇರ ಕೇಳಬಹುದಿತ್ತು.

ನೀನು ಏನನ್ನೋ ಹೇಳದೆ ಬಿಟ್ಟಿದ್ದೀಯ. ಫೋಟೋ ತೆಗೆದ ದಿನ ಏನೇನು ಮಾಡಿದೆ ಎಂದು ಮೊದಲಿನಿಂದ ಕೊನೆಯವರೆಗೆ ಬರೆ. ಅಲ್ಲಿಯವರೆಗೆ ನಾನು ಇದನ್ನು ಮುಟ್ಟುವುದಿಲ್ಲ.

ಅಬ್ದುಲಮಜೀದ

~

ನವಲಗುಂದ
2 ಮಾರ್ಚ್ 1984

ಅಬ್ದುಲಮಜೀದ ಅವರಿಗೆ,

ಫೋಟೋ ತೆಗೆದ ದಿನ ದಿನಾಲೂ ಮಾಡುವುದನ್ನೇ ಮಾಡಿದೆ. ಮಾಸ್ತರರು ಕಲಿಸಿದ್ದಕ್ಕಿಂತ ಹೆಚ್ಚು ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ.

ಇಲಿಯ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅದು ನಮ್ಮ ಮನೆಯ ಮಾತು.

ದೊಡ್ಡ ಲ್ಯಾಬಿನವರಿಗೆ ನಮ್ಮಂಥವರ ಕೆಲಸ ಭಾರವಾಗಿದ್ದರೆ ನೆಗೆಟಿವ್ ರಜಿಸ್ಟರ್ ಮಾಡಿ ವಾಪಸ್ ಕಳಿಸಬೇಕು. ಹುಬ್ಬಳ್ಳಿಯಲ್ಲಿ ಯಾರ ಕೈಯಲ್ಲಾದರೂ ಮಾಡಿಸಿಕೊಳ್ಳುತ್ತೇನೆ.

ಮಡಿವಾಳೆಪ್ಪ

~

ಮುಂಬಯಿ
4 ಏಪ್ರಿಲ್ 1984

ಮಡಿವಾಳೆಪ್ಪ,

"ಅವರಿಗೆ" ಎಂದು ಬರೆದು ನನ್ನನ್ನು ದೊಡ್ಡವನನ್ನಾಗಿ ಮಾಡಿದ್ದೀಯ. ಒಂದು ತಿಂಗಳು ನಿನಗೆ ಕಾಗದ ಹಾಕಬಾರದೆಂದು ಹಲ್ಲು ಕಚ್ಚಿ ಕೂತಿದ್ದೆ. ನೆಗೆಟಿವ್ ಕವರಿನಲ್ಲಿ ಹಾಕಿ ವಿಳಾಸವನ್ನೂ ಬರೆದಿದ್ದೆ. ಕಳಿಸುವ ಮೊದಲು ಒಂದು ಸಲ ನೋಡಿಬಿಡೋಣ ಎಂದು ಮೊನ್ನೆ ಊಟದ ಬಿಡುವಿನಲ್ಲಿ, ಯಾವ ಫಿಲ್ಟರಿನ ಆಟವನ್ನೂ ಆಡದೆ, ಎಲ್ಲರಿಗೂ ಹಾಕುವ ಹಾಗೆಯೇ ದೊಡ್ಡದೊಂದು ಪ್ರಿಂಟ್ ಹಾಕಿದೆ. ಈ ಸಲ ಮುಖಗಳನ್ನು ನೋಡಲಿಲ್ಲ. ನೋಡಿ ನೋಡಿ ಅವು ಸಾಕಾಗಿದ್ದವು. ಜಮಖಾನ ನೋಡಿದೆ.

ಆ ಕೆಂಪು ನನಗೆ ಗೊತ್ತು. ಅಮ್ಮಾ ಹಂಡೆಯಲ್ಲಿ ನೀರು ಕುದಿಸಿ ನೂಲಿಗೆ ಬಣ್ಣ ಹಾಕುವಾಗ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ಬಾಜು ಕೂತಿರುತ್ತಿದ್ದವನು ನಾನು. ನಡುವಿನ ಪಗಡೆ ಹಾಸಿನ ಚಿತ್ತಾರದ ಹಳದಿ, ಅಂಚಿನ ಕಪ್ಪು, ಎಲ್ಲ ಗೊತ್ತು. ಪ್ರಿಂಟಿನಲ್ಲಿ ಅದೇ ಕೆಂಪು, ಅದೇ ಹಳದಿ, ಅದೇ ಕಪ್ಪು ಇದೆ. ಎಳ್ಳಷ್ಟೂ ಆಚೆ ಈಚೆ ಇಲ್ಲ. ಅಂದರೆ ನನ್ನ ಪೇಪರ್ ಸರಿ, ಕೆಮಿಕಲ್ ಸರಿ, ನಾಲ್ಕು ಸಲ ಫಿಲ್ಟರ್ ಬದಲಿಸಿದ ನಾನೇ ಹುಚ್ಚ.

ಆಮೇಲೆ ಜಮಖಾನದ ಮೇಲೆ ಊರಿದ ರೇವವ್ವನ ಕೈ ನೋಡಿದೆ. ಚಂದನೆಯ ಕಂದು ಕೈ. ತೋಳು ಕಂದು, ಕುತ್ತಿಗೆ ಕಂದು. ಗದ್ದಕ್ಕೆ ಬಂದೊಡನೆ ಬೂದಿ. ಶಿವಗಂಗವ್ವನದೂ ಹಾಗೇ. ಮುಖಕ್ಕೊಂದು ಬಣ್ಣ, ಕುತ್ತಿಗೆಗೊಂದು ಬಣ್ಣ. ಯಾವ ಕೆಮಿಕಲ್ಲೂ ಗದ್ದದ ಕೆಳಗೆ ಗೆರೆ ಕೊರೆದ ಹಾಗೆ ನಿಲ್ಲುವುದಿಲ್ಲಪ್ಪಾ. ನೀನು ಪೌಡರ್ ಹಚ್ಚಿದ್ದೀಯ. ಕನ್ನಡಿಯ ಕೆಳಗೆ ಬಾಚಣಿಕೆ, ಪೌಡರ್ ಡಬ್ಬಿ ಇಟ್ಟು, ಕರ್ರಗಿನವರು ಬಂದರೆ ಕೇಳದೆಯೇ ಎರಡು ಕೈ ಬಡಿಯಬೇಕೆಂದು ಮಾಸ್ತರರು ಕಲಿಸಿದ್ದರಲ್ಲ, ಆ ಪಾಠ. ಕಪ್ಪು-ಬಿಳುಪಿನಲ್ಲಿ ಅದು ನಡೆಯಿತು. ಕಲರ್ ಫಿಲ್ಮು ಕಂಡದ್ದನ್ನು ಕಂಡ ಹಾಗೆ ಹೇಳುತ್ತದೆ. ಅದಕ್ಕೆ ಪೌಡರ್ ಕಂಡಿತು, ಪೌಡರನ್ನೇ ತೋರಿಸಿತು. ನಮ್ಮಿಬ್ಬರಿಗೆ ಮಾತ್ರ ಕಾಣಲಿಲ್ಲ. ಯಾಕೆಂದರೆ ಅದನ್ನು ನಾವು ಮುಖದ ಭಾಗ ಎಂದೇ ತಿಳಿದಿದ್ದೇವೆ.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಆದರೆ ನೀನು ಮೊದಲನೆಯ ಪತ್ರದಲ್ಲಿ ಅಮ್ಮನ ಫೋಟೋದ ಮಾತು ತೆಗೆದು ಬೆನ್ನು ತಟ್ಟಿಕೊಂಡಿದ್ದೀಯ. ಹೇಳಿಯೇ ಬಿಡುತ್ತೇನೆ.

ಅದು ಚಂದ ಬಂದಿದೆ ಎಂದು ನಾನು ಸುಳ್ಳು ಬರೆದೆ. ನಿನಗೆ ಕೆಟ್ಟ ಅನಿಸಬಾರದು, ತೆಗೆಸಿಕೊಂಡ ಅಮ್ಮನಿಗೆ ಕೆಟ್ಟ ಅನಿಸಬಾರದು ಎಂದು. ಅಮ್ಮನ ಎಡಗೆನ್ನೆಯ ಮೇಲೆ ಸಿಡುಬಿನ ಏಳು ಕಲೆ ಇದ್ದವು. ಸಣ್ಣವನಿದ್ದಾಗ ಆಕೆಯ ತೊಡೆಯ ಮೇಲೆ ಮಲಗಿ ಬೆರಳಿಟ್ಟು ಎಣಿಸುತ್ತಿದ್ದೆ. ನಾನು ಏಳರವರೆಗೆ ಎಣಿಸಲು ಕಲಿತದ್ದು ಅಲ್ಲೇ. ನಿನ್ನ ಫೋಟೋದಲ್ಲಿ ಬೆಳ್ಳಗೆ, ಮೊಟ್ಟೆಯ ಹಾಗೆ ನುಣ್ಣಗೆ ಯಾರೋ ಒಬ್ಬ ಹೆಂಗಸು ಕೂತಿದ್ದಾಳೆ. ಅಮ್ಮಾ ಹೋಗಿ ಮೂರು ವರ್ಷವಾಯಿತು. ನನ್ನ ಹತ್ತಿರ ಇರುವ ಫೋಟೋ ಅದೊಂದೇ. ನನ್ನ ಮಗಳಿಗೆ ತೋರಿಸಿದರೆ, "ಇವರು ಯಾರು?" ಎಂದು ಕೇಳಿದಳು. ಟ್ರಂಕಿನ ತಳಕ್ಕೆ ಹಾಕಿ ಮೇಲೆ ಅರಿವೆ ತುಂಬಿದ್ದೇನೆ. ದಿನಕ್ಕೆ ಸಾವಿರ ಮಂದಿಯ ಫೋಟೋ ಹಾಕುವವನ ಮನೆಯಲ್ಲಿ ತಾಯಿಯ ಮುಖ ಇಲ್ಲ.

ನೆಗೆಟಿವ್ ಇದರ ಜೊತೆ ಇದೆ. ಹುಬ್ಬಳ್ಳಿಗೆ ಒಯ್ಯಿ. ಆದರೆ ನಿನ್ನ ಮಗಳು ಯಾಕೆ ದಾರಿ ಬಿಟ್ಟಳು ಎಂದು ಮೊದಲು ಆಕೆಯನ್ನು ಕೇಳು.

ಮಜೀದ

~

ನವಲಗುಂದ
11 ಮೇ 1984

ಮಜೀದ,

ಇಲಿ ಒಬ್ಬರನ್ನೇ ತಿಂದಿತ್ತು. ರೇವವ್ವನನ್ನು. ಕತ್ತರಿಸಿದವಳು ರೇವವ್ವನೇ.

ಜನವರಿಯಲ್ಲಿ ಮೊದಲ ಪ್ರಿಂಟ್ ಬಂದ ಮರುದಿನ, ಫೋಟೋ ಅಂಚು ಕತ್ತರಿಸುವ ನನ್ನ ಬ್ಲೇಡಿನಿಂದಲೇ ತನ್ನನ್ನು ಬಿಡಿಸಿ ತೆಗೆದು ಒಲೆಗೆ ಹಾಕಿದ್ದಳು. ಉಳಿದ ನಾವು ನಾಲ್ವರು, ಶಿವಗಂಗಾಳ ಬಾಜು ಹುಡುಗಿಯ ಆಕಾರದ ತೂತು. ನಾನು ಬೈದೆ. ಯಾಕೆ ಎಂದು ಮಾತ್ರ ಕೇಳಿರಲಿಲ್ಲ. ಮಗಳು ಮಾಡಿದ್ದನ್ನು ನಿನಗೆ ಹೇಳಲು ನಾಚಿಕೆಯಾಗಿ ಇಲಿಯ ಮೇಲೆ ಹಾಕಿದೆ.

ನಿನ್ನ ಪತ್ರ ಬಂದ ಮೇಲೆ ಎರಡು ದಿನ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಮೂರನೆಯ ದಿನ ನೆಗೆಟಿವ್ ದೀಪಕ್ಕೆ ಹಿಡಿದೆ. ಗದ್ದದ ಕೆಳಗೆ ಆ ಗೆರೆ ಇತ್ತು. ಹೋಗಿ ರೇವವ್ವನನ್ನು ಕೇಳಿದೆ. ಅವಳು ತಲೆ ಎತ್ತದೆ ಹೇಳಿದಳು: "ಅದರಾಗ ನಾ ಇರಲಿಲ್ಲಪ್ಪಾ. ಯಾರೋ ಕುಂತಿದ್ರು. ಅದಕ್ಕ ತಗದೆ."

ಶಿವಗಂಗಾ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಲಗ್ನದ ಫೋಟೋದಾಗ ನನಗ ನಿಮ್ಮ ಮಾಸ್ತರು ಹಚ್ಚಿದ್ರು. ನಾ ಸುಮ್ನ ಕುಂತೆ. ಈಗ ಆಕಿಗೆ ನೀವು ಹಚ್ಚಿದ್ರಿ. ಆಕಿದು ನನ್ನ ಬಣ್ಣರಿ. ಅದನ್ನ ನೀವು ಮುಚ್ಚೂದು ಆಕಿ ನೋಡ್ಯಾಳ."

ಹದಿನೈದು ವರ್ಷದಲ್ಲಿ ಅವಳು ಒಮ್ಮೆಲೇ ಇಷ್ಟು ಮಾತು ನನಗೆ ಹೇಳಿದ್ದು ಅದೇ ಮೊದಲು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಅಂಗಡಿಗೆ ಬಂದು ಬಾಗಿಲು ಹಾಕಿಕೊಂಡೆ. ಪೌಡರ್ ಹಚ್ಚುವಾಗ ಮಗಳ ಗದ್ದ ಹಿಡಿದು ಮುಖ ಎತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಪುಡಿ ಕಣ್ಣಿಗೆ ಬೀಳಬಾರದೆಂದು ಮುಚ್ಚಿದ್ದಾಳೆ ಎಂದು ತಿಳಿದಿದ್ದೆ, ಮಜೀದ. ಇನ್ನೊಂದು ಸಲ ಕೂತುಕೊಳ್ಳಿರಿ, ಪೌಡರ್ ಇಲ್ಲದೆ ತೆಗೆಯುತ್ತೇನೆ ಎಂದು ಮರುದಿನ ಕೇಳಿಕೊಂಡೆ. ತಾಯಿ-ಮಗಳು ಇಬ್ಬರೂ ಆಗುವುದಿಲ್ಲ ಎಂದರು.

ಆಗ ನಿಮ್ಮ ಅಮ್ಮ ನೆನಪಾದಳು. ಇದನ್ನು ನಾನು ನಿನಗೆ ಯಾವತ್ತೂ ಹೇಳಿಲ್ಲ. ಆ ದಿನ ಆಕೆಗೂ ಪೌಡರ್ ಹಚ್ಚಿದ್ದೆ. ಆಕೆ ಸೆರಗಿನಿಂದ ಒರೆಸಿಕೊಂಡು, "ಬ್ಯಾಡಪಾ, ಮಜೀದಗ ನನ್ನ ಗುರ್ತು ಸಿಗಂಗಿಲ್ಲ" ಎಂದಳು. ನಾನು ನಕ್ಕು ಹಾಗೇ ಫೋಟೋ ತೆಗೆದೆ. ಆಕೆ ಮನೆಗೆ ಹೋದ ಮೇಲೆ, ಮುದುಕಿಗೇನು ತಿಳಿಯುತ್ತದೆ ಎಂದು ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಕೂತೆ. ಮಾಸ್ತರರು ಹೇಳಿಕೊಟ್ಟ ಹಾಗೆ ಒಂದೊಂದೇ ಕಲೆ ತುಂಬಿ ಮುಚ್ಚಿದೆ, ಬಣ್ಣ ತಿಳಿ ಮಾಡಿದೆ. ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಪ್ರೀತಿಯಿಂದಲೇ ಮಾಡಿದೆ, ಅದು ಇನ್ನೂ ಕೆಟ್ಟದ್ದು.

ಆ ನೆಗೆಟಿವ್ ಹುಡುಕಿದೆ. ಹಳೆಯ ಡಬ್ಬಿಗಳನ್ನೆಲ್ಲ ಕೆಡವಿ ನಾಲ್ಕು ದಿನ ಹುಡುಕಿದೆ. ಸಿಕ್ಕಿತು. ಪೆನ್ಸಿಲ್ ಮೇಲಿನದಷ್ಟೇ ಅಲ್ಲವೇ, ಒಳಗೆ ಇಳಿಯುವುದಿಲ್ಲ. ಹತ್ತಿಗೆ ಟರ್ಪೆಂಟೈನ್ ಹಚ್ಚಿ ಮೆತ್ತಗೆ ಒರೆಸಿದೆ. ಹತ್ತಿ ಕಪ್ಪಾಯಿತು. ಇನ್ನೊಮ್ಮೆ ಒರೆಸಿದೆ. ಕತ್ತಲೆ ಕೋಣೆಯಲ್ಲಿ ಪ್ರಿಂಟ್ ಹಾಕುವಾಗ ರೇವವ್ವ ಬುತ್ತಿ ತಂದವಳು ಬಾಗಿಲು ತೆರೆದುಬಿಡಬಾರದೆಂದು ಒಳಗೇ ಕರೆದುಕೊಂಡೆ. ಕೆಂಪು ದೀಪದ ಕೆಳಗೆ ತಟ್ಟೆಯಲ್ಲಿ ಕಾಗದ ಅಲ್ಲಾಡಿಸುತ್ತಿದ್ದೆ. ಮೊದಲು ಸೆರಗು ಬಂತು, ಆಮೇಲೆ ಕಣ್ಣು, ಆಮೇಲೆ ಕೆನ್ನೆ. ರೇವವ್ವ ಬಗ್ಗಿ ನೋಡುತ್ತಿದ್ದಳು.

"ಮಲಿಕಾಬಿ ಅಜ್ಜಿ," ಎಂದಳು. ಎಂಟು ವರ್ಷದವಳಿದ್ದಾಗ ಕಂಡ ಮುಖ, ಗುರುತು ಹಿಡಿದಳು. ಇನ್ನಷ್ಟು ಬಗ್ಗಿ, "ನನ್ನಷ್ಟ ಕರ್ರಗದಾಳಲ್ಲಪ್ಪಾ," ಎಂದಳು. ಅವಳ ದನಿಯಲ್ಲಿ ದುಃಖ ಇರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಕೆಮಿಕಲ್ಲಿನ ವಾಸನೆಗೆ ಎಂದೆ.

ಮರುದಿನ ಬೆಳಿಗ್ಗೆ ಅವಳೇ ಜಮಖಾನ ಹೊತ್ತು ತಂದು ಹಿತ್ತಲಲ್ಲಿ ಹಾಸಿದಳು. ಫ್ಲ್ಯಾಶ್ ಬಳಸಲಿಲ್ಲ. ಬೆಳಕು ಬರುವ ಬಾಜು ಶಿವಗಂಗಾ ಮತ್ತು ರೇವವ್ವನನ್ನು ಕೂರಿಸಿದೆ. ಬೆಳ್ಳಗಿನ ನಾವು ಗೋಡೆಯ ನೆರಳಿಗೆ ಸರಿದೆವು. ಅವ್ವನ ಸಿಟ್ಟು ಕೇಳಬೇಡ. ನಡುವಿನ ಜಾಗ ಹೋಯಿತೆಂದು ಮೂರು ದಿನ ನನ್ನ ಕೈಯ ನೀರು ಕುಡಿಯಲಿಲ್ಲ. ಕ್ಯಾಮೆರಾ ಸ್ಟ್ಯಾಂಡಿನ ಮೇಲಿಟ್ಟು, ಗುಂಡಿ ಒತ್ತಿ, ಓಡಿ ಬಂದು ಕೂತೆ. ಒಂದೇ ಸಲ ತೆಗೆದೆ, ಎರಡನೆಯದಕ್ಕೆ ಅವ್ವ ಎದ್ದು ಹೋಗಿದ್ದಳು.

ರೋಲ್ ಇದರ ಜೊತೆ ಇದೆ. ಹುಬ್ಬಳ್ಳಿಗೆ ಕೊಡಲಿಲ್ಲ, ನೀನೇ ಮಾಡು. ಬೇರೆ ಕವರಿನಲ್ಲಿ ನಿಮ್ಮ ಅಮ್ಮನ ಫೋಟೋ ಇದೆ. ಅದನ್ನು ಮೊದಲು ತೆಗೆ. ಸರಿಯಾಗಿ ಒರೆಸಿದ್ದೇನೋ ಇಲ್ಲವೋ ನನಗೆ ತಿಳಿಯುವುದಿಲ್ಲ, ನಿನಗೇ ತಿಳಿಯಬೇಕು. ಹುಡುಗಿಯನ್ನು ಕೇಳು ಎಂದು ನೀನು ಬರೆಯದಿದ್ದರೆ ನಾನು ಕೇಳುತ್ತಿರಲಿಲ್ಲ.

ಮಡಿವಾಳೆಪ್ಪ

~

ಮುಂಬಯಿ
28 ಮೇ 1984

ಲೇ ಮಡಿವಾಳೆಪ್ಪ,

ಫೋಟೋ ಕಳಿಸಿದ್ದೇನೆ. ಮೊದಲ ಸಲಕ್ಕೇ ಬಂತು, ಫಿಲ್ಟರ್ ಮುಟ್ಟಲಿಲ್ಲ. ಶಿವಗಂಗವ್ವನ ಮುಖಕ್ಕೂ ಕುತ್ತಿಗೆಗೂ ಒಂದೇ ಬಣ್ಣ. ರೇವವ್ವ ನೇರ ನನ್ನನ್ನೇ ನೋಡುತ್ತಿದ್ದಾಳೆ. ಸೂಪರ್‌ವೈಜರ್ ಬಂದು ಈ ಹುಡುಗಿ ಯಾರು ಎಂದು ಕೇಳಿದ, ನನ್ನ ಗೆಳೆಯನ ಮಗಳು ಎಂದೆ. ಗುರವ್ವ ಚಿಗವ್ವ ಸಿಟ್ಟಿನಲ್ಲಿಯೂ ಚಂದ ಕಾಣುತ್ತಾಳೆ.

ನಿನ್ನ ಕಣ್ಣು ಮುಚ್ಚಿವೆ. ಇಪ್ಪತ್ತು ವರ್ಷ ಊರಿಗೆಲ್ಲ ಕಣ್ಣು ಮಿಟುಕಿಸಬೇಡಿರಿ ಎಂದು ಹೇಳಿದವನು ನೀನೇ ಮಿಟುಕಿಸಿದ್ದೀಯ. ಇದಕ್ಕೆ ಇನ್ನೊಂದು ಪ್ರಿಂಟ್ ಕೇಳಿದರೆ ನಾನು ಊರಿಗೇ ಬಂದು ಬಡಿಯುತ್ತೇನೆ. ಇದನ್ನೇ ಶೋಕೇಸಿನಲ್ಲಿಡು.

ಇನ್ನೊಂದು ಕವರನ್ನು ಮೂರು ದಿನ ತೆರೆಯಲಿಲ್ಲ. ಧೈರ್ಯ ಬರಲಿಲ್ಲ. ನಿನ್ನೆ ನನ್ನ ಮಗಳು ತೆರೆದಳು. ಈ ಸಲ ಯಾರು ಎಂದು ಕೇಳಲಿಲ್ಲ. ಅಜ್ಜಿಯನ್ನು ಕರೆಯುವ ಹಾಗೆಯೇ "ದಾದಿ" ಎಂದು ತಂದು ನನ್ನ ಕೈಗೆ ಕೊಟ್ಟಳು.

ಬೆರಳಿಟ್ಟು ಎಣಿಸಿದೆ. ಏಳೂ ಇವೆ.

ಮಜೀದ